ಇಳಿಯುವುದು ಸಲೀಸು, ಏರುವುದೇ ತಿಣುಕಾಟ

‘ಪಿಚ್ಚರ್ ಏನೋ ಛಲೋ ಬರ್ತೈತ್ರಿ, ಫೈಲ್ ಮಾತ್ರ ಹೋಗವಲ್ದು.’ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಮನೆಗೆ ಇಂಟರ್‌ನೆಟ್ ಹಾಕಿಸಿಕೊಂಡವರ ಬಾಯಲ್ಲಿ ಆಗಾಗ ಕೇಳಿಬರುವ ಮಾತಿದು. ಮಾತು ಚಿಕ್ಕದು, ಒಗಟು ಮಾತ್ರ ದೊಡ್ಡದು. ಅದೇ ತಂತಿ, ಅದೇ ಡಬ್ಬಿ, ಅದೇ ತಿಂಗಳ ಬಿಲ್ಲು. ಎರಡೂವರೆ ಗಂಟೆಯ ಚಲನಚಿತ್ರ ಒಮ್ಮೆಯೂ ಮುಗ್ಗರಿಸದೆ ಮನೆಯೊಳಗೆ ಬರುತ್ತದೆ. ಮಗಳು ಕಾಲೇಜಿಗೆ ಕಳಿಸಬೇಕಾದ 15 ಪುಟಗಳ ಪ್ರಾಜೆಕ್ಟ್ ವರದಿ ಮಾತ್ರ ಹೊಸ್ತಿಲು ದಾಟಲು ಒಲ್ಲೆನೆನ್ನುತ್ತದೆ. ಪರದೆಯ ಮೇಲೆ ಗೋಲಾಕಾರದ ಗುರುತು ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಬೇರೆ ದಿನಗಳಲ್ಲಾದರೆ ಇದು ಬರೀ ಕಿರಿಕಿರಿ. ಸಿಇಟಿ ಅರ್ಜಿಗೆ ಭಾವಚಿತ್ರ ಮತ್ತು ಸಹಿ ಕಳಿಸುವ ಕೊನೆಯ ದಿನ, ವಿದ್ಯಾರ್ಥಿವೇತನದ ಅರ್ಜಿಗೆ ದಾಖಲೆ ಜೋಡಿಸುವ ಕೊನೆಯ ರಾತ್ರಿ, ಮನೆಯಲ್ಲೇ ಕೂತು ಬರೆದ ಪರೀಕ್ಷೆಯ ಉತ್ತರ ಪತ್ರಿಕೆ ಒಪ್ಪಿಸುವ ಕೊನೆಯ ಹತ್ತು ನಿಮಿಷ, ಇಂಥ ಹೊತ್ತಿನಲ್ಲಿ ಅದು ಒಂದು ವರ್ಷದ ಪ್ರಶ್ನೆಯಾದೀತು. ಆಗ ಮನೆಯಲ್ಲಿ ಮೂರು ತೀರ್ಪುಗಳು ಹೊರಬೀಳುತ್ತವೆ. ‘ಮೊದಲೇ ಮಾಡಿಕೊಳ್ಳಲು ಏನಾಗಿತ್ತು?’ ಎಂದು ತಾಯಿ. ‘ಕಂಪನಿಯವರು ಮೋಸ ಮಾಡುತ್ತಿದ್ದಾರೆ’ ಎಂದು ಮಗ. ‘ಇನ್ನೂ ದೊಡ್ಡ ಪ್ಲಾನು ಹಾಕಿಸೋಣ’ ಎಂದು ತಂದೆ. ಮೂರೂ ತಪ್ಪಿರಬಹುದು. ಮೂರನೆಯದಂತೂ ದುಬಾರಿ ತಪ್ಪು. ಏಕೆಂದರೆ ದೋಷ ಮನೆಯ ಗೋಡೆಯಲ್ಲೋ ಅಂಗಡಿಯ ಕ್ಯಾಮೆರಾದಲ್ಲೋ ಇದ್ದರೆ ಎಷ್ಟು ದೊಡ್ಡ ಪ್ಲಾನು ಹಾಕಿಸಿದರೂ ಫೈಲು ಅಲ್ಲೇ ನಿಲ್ಲುತ್ತದೆ, ಬಿಲ್ಲು ಮಾತ್ರ ಏರುತ್ತದೆ.

ಈ ದೋಷ ಹುಡುಕಲು ಎಂಜಿನಿಯರೇ ಬರಬೇಕೆಂದಿಲ್ಲ. ಒಂದು ನೋಟ್‌ಬುಕ್, ಒಂದು ಲ್ಯಾನ್ ಕೇಬಲ್, ಒಂದು ವಾರದ ತಾಳ್ಮೆ ಇದ್ದರೆ ಪಿಯುಸಿ ಓದುವ ಹುಡುಗ ಹುಡುಗಿಯರೂ ಇದನ್ನು ಪತ್ತೆ ಮಾಡಬಲ್ಲರು. ಅದಕ್ಕೂ ಮೊದಲು ಬರುವ ದಾರಿಗೂ ಹೋಗುವ ದಾರಿಗೂ ಇಷ್ಟು ಅಂತರ ಏಕೆ ಎಂದು ನೋಡೋಣ.

ಹೆದ್ದಾರಿ ಮತ್ತು ಕಾಲುದಾರಿ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಶುರುವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿಯ ತಂತಿಯಲ್ಲೇ ಮೋಡೆಮ್ ಕಿರುಗುಟ್ಟುತ್ತ ಮಾಹಿತಿ ಸಾಗಿಸುತ್ತಿತ್ತು. ಆ ಕಾಲದ ಮೋಡೆಮ್‌ಗಳಿಗೆ ಬರುವುದೂ ಹೋಗುವುದೂ ಒಂದೇ ವೇಗದಲ್ಲಿ. ಆಮೇಲೆ ಬಂದ 56ಕೆ ಮೋಡೆಮ್ ಈ ಸಮಾನತೆಯನ್ನು ಮುರಿಯಿತು. ಅದರಲ್ಲಿ ಇಳಿಸಿಕೊಳ್ಳುವ ವೇಗ ಸೆಕೆಂಡಿಗೆ 56 ಕಿಲೋಬಿಟ್‌ವರೆಗೆ ಏರಬಹುದಿತ್ತು, ಏರಿಸುವ ವೇಗ 33.6ಕ್ಕೇ ನಿಂತಿತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಬಳಸಿದ ತಂತ್ರದ ಹೆಸರು ಎಡಿಎಸ್‌ಎಲ್. ಆ ಹೆಸರಿನ ಮೊದಲ ಅಕ್ಷರದ ಅರ್ಥವೇ ‘ಅಸಮ’. ಅದರ ಸುಧಾರಿತ ರೂಪದಲ್ಲಿ ಇಳಿಕೆಗೆ 24 ಎಂಬಿಪಿಎಸ್‌ವರೆಗೆ ಅವಕಾಶವಿದ್ದರೆ ಏರಿಕೆಗೆ ಸಿಕ್ಕದ್ದು ಸುಮಾರು 1.

ಇದರ ಹಿಂದಿನ ತರ್ಕ ಸರಳ. ಮನೆಯವರು ನೋಡುತ್ತಾರೆ, ಓದುತ್ತಾರೆ, ಕೇಳುತ್ತಾರೆ. ಕಳಿಸಲು ಅವರ ಬಳಿ ಏನಿದೆ? ಸರಕಾರದ ವ್ಯಾಖ್ಯೆಯಲ್ಲೂ ಇದೇ ಎಣಿಕೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ ವೇಗ 2004ರ ನೀತಿಯಲ್ಲಿ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್, 2023ರ ಜನವರಿಯಲ್ಲಿ 2 ಮೆಗಾಬಿಟ್ ಎಂದಾಯಿತು. ಮೂರೂ ಸಲ ಅಳೆದದ್ದು ಇಳಿಕೆಯ ವೇಗವನ್ನೇ.

ಆದರೆ ಕಾಲ ಬದಲಾಗಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮನೆಯೇ ತರಗತಿಯಾಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ರಸ್ತೆಬದಿಯಲ್ಲಿ ಮಳೆಯ ನಡುವೆ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಛತ್ರಿ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಅಲ್ಲಿದ್ದದ್ದು ಸಿಗ್ನಲ್ಲೇ ಇಲ್ಲದ ಕಷ್ಟ. ನಮ್ಮ ಊರುಗಳಲ್ಲಿ ಸಿಗ್ನಲ್ ಇದೆ, ಫೈಬರ್ ತಂತಿಯೂ ಬಂದಿದೆ. ಇಲ್ಲಿನ ಕಷ್ಟದ ಬಗೆ ಬೇರೆ. ವಿದ್ಯಾರ್ಥಿ ಈಗ ಬರೀ ಕೇಳುಗನಲ್ಲ. ಉತ್ತರ ಕಳಿಸುತ್ತಾನೆ, ವಿಡಿಯೊದಲ್ಲಿ ಮುಖ ತೋರಿಸುತ್ತಾನೆ, ಪ್ರಯೋಗದ ಚಿತ್ರ ಏರಿಸುತ್ತಾನೆ. ಇಳಕಲ್ಲಿನ ನೇಕಾರರ ಮನೆಯ ಮಗಳು ಹೊಸ ಸೀರೆಯ ಸೆರಗಿನ ಚಿತ್ರ ತೆಗೆದು ದೂರದ ಗಿರಾಕಿಗೆ ಕಳಿಸಬೇಕಾದರೂ ಏರಿಕೆಯ ದಾರಿಯೇ ಬೇಕು.

ಫೈಬರ್ ತಂತಿಯಲ್ಲಿ ಅಂತರ ಕಡಿಮೆಯಾಗಿದೆ, ಅಳಿದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ತಂತ್ರದಲ್ಲಿ ಒಂದು ಫೈಬರ್ ಎಳೆಯ ಮೇಲೆ ಇಳಿಕೆಗೆ ಸುಮಾರು 2.5 ಗಿಗಾಬಿಟ್, ಏರಿಕೆಗೆ ಅದರ ಅರ್ಧ. ಇದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದು ವಾಡಿಕೆ. ಇಳಿಯುವ ಬೆಳಕು ಎಲ್ಲ ಮನೆಗಳಿಗೂ ಒಟ್ಟಿಗೇ ಹೋಗುತ್ತದೆ, ತನ್ನ ಪಾಲನ್ನು ಆಯಾ ಮನೆಯ ಡಬ್ಬಿ ಆರಿಸಿಕೊಳ್ಳುತ್ತದೆ. ಏರುವ ಬೆಳಕಿಗೆ ಮಾತ್ರ ಸರದಿ. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟಂತೆ ಪ್ರತಿ ಮನೆಯ ಡಬ್ಬಿಯೂ ತನ್ನ ಪಾಳಿ ಬಂದ ಕ್ಷಣಾರ್ಧದಲ್ಲಿ ಮಾತ್ರ ಬೆಳಕು ಹೊಮ್ಮಿಸಬೇಕು.

ಇನ್ನು ನಿಸ್ತಂತು ಸಂಪರ್ಕದ್ದು ಬೇರೆಯೇ ಕಥೆ. ಬನದ ಹುಣ್ಣಿಮೆಗೆ ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆ ನಡೆಯುತ್ತದಲ್ಲ, ಅದನ್ನು ನೆನೆದುಕೊಳ್ಳಿ. ನಾಟಕ ಕಂಪನಿಯ ಧ್ವನಿವರ್ಧಕದಲ್ಲಿ ಕೂಗುವವನ ಮಾತು ಜಾತ್ರೆಯ ಆ ತುದಿಗೂ ಕೇಳುತ್ತದೆ. ಆ ತುದಿಯಿಂದ ನೀವು ಎಷ್ಟು ಕೂಗಿದರೂ ಅವನಿಗೆ ಕೇಳದು. ಮೊಬೈಲ್ ಗೋಪುರ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡಿದರೆ ನಿಮ್ಮ ಕೈಯ ಫೋನು ಮಾತಾಡುವುದು ಹೆಚ್ಚೆಂದರೆ ವ್ಯಾಟಿನ ಐದನೇ ಒಂದು ಪಾಲಿನಲ್ಲಿ. ಆದ್ದರಿಂದಲೇ ಗೋಪುರದಿಂದ ದೂರ ಹೋದಂತೆ ಮೊದಲು ಸೊರಗುವುದು ಏರಿಕೆ. ಮನೆಯೊಳಗಿನ ವೈಫೈ ಡಬ್ಬಿಗೂ ಫೋನಿಗೂ ಇರುವ ಸಂಬಂಧ ಬಹುಮಟ್ಟಿಗೆ ಇಂಥದೇ. ಈ ಜಾತ್ರೆಯ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿಟ್ಟು ಬೈಟಿನ ಲೆಕ್ಕ

ದೋಷ ಹುಡುಕುವ ಮೊದಲು ದೋಷ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಂಪನಿ ಹೇಳುವ ವೇಗ ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. ಒಂದು ಬೈಟಿಗೆ 8 ಬಿಟ್ಟು. ಈ ಎಂಟರ ಗುಣಾಕಾರ ಮರೆತವರಿಗೆ ಎಲ್ಲವೂ ನಿಧಾನವಾಗಿಯೇ ಕಾಣುತ್ತದೆ.

ಮೇಲೆ ಹೇಳಿದ 15 ಪುಟಗಳ ವರದಿಯನ್ನೇ ತೆಗೆದುಕೊಳ್ಳಿ. ಪ್ರತಿ ಪುಟವನ್ನೂ ಫೋನಿನ ಕ್ಯಾಮೆರಾದಲ್ಲಿ ತೆಗೆದರೆ ಒಂದೊಂದು ಚಿತ್ರ 4 ಮೆಗಾಬೈಟ್ ಆಗಬಹುದು. ಒಟ್ಟು 60 ಮೆಗಾಬೈಟ್, ಅಂದರೆ 480 ಮೆಗಾಬಿಟ್. ಏರಿಕೆಯ ವೇಗ 1 ಎಂಬಿಪಿಎಸ್ ಇದ್ದರೆ ಅದಕ್ಕೆ 480 ಸೆಕೆಂಡು, ಬರೋಬ್ಬರಿ 8 ನಿಮಿಷ ಬೇಕು. 10 ಎಂಬಿಪಿಎಸ್ ಇದ್ದರೆ 48 ಸೆಕೆಂಡು. 200 ಮೆಗಾಬೈಟ್‌ನ ವಿಡಿಯೊ ಆದರೆ 1 ಎಂಬಿಪಿಎಸ್‌ನಲ್ಲಿ ಸುಮಾರು 27 ನಿಮಿಷ. ವೇಗ 0.2ಕ್ಕೆ ಕುಸಿದರೆ ಎರಡು ಗಂಟೆಯ ಮೇಲೆ. ಜೊತೆಗೆ ಹೋಗುವ ವಿಳಾಸ, ಮರುಕಳಿಕೆ ಇತ್ಯಾದಿ ಕಟ್ಟುಗಳಿಗೆ ಇನ್ನಷ್ಟು ಹೊತ್ತು ಸೇರಿಸಿಕೊಳ್ಳಿ.

ಹೀಗೆ ಲೆಕ್ಕ ಹಾಕಿ ನೋಡಿ. ಲೆಕ್ಕಕ್ಕೂ ಗಡಿಯಾರಕ್ಕೂ ಹೊಂದಿಕೆಯಾದರೆ ಸಂಪರ್ಕ ಕೆಟ್ಟಿಲ್ಲ, ನೀವು ಕೊಂಡಿರುವ ಏರಿಕೆಯ ವೇಗವೇ ಅಷ್ಟು ಅಥವಾ ಫೈಲು ವಿಪರೀತ ದಪ್ಪ. ಹೊಂದಿಕೆಯಾಗದಿದ್ದರೆ ಮಾತ್ರ ಹುಡುಕಾಟ ಶುರು. ಬಿಲ್ಲಿನಲ್ಲಿ ಇನ್ನೊಂದು ಸಂಗತಿಯನ್ನೂ ನೋಡಬೇಕು. ಹಲವು ಪ್ಲಾನುಗಳಲ್ಲಿ ತಿಂಗಳಿಗೆ ಇಷ್ಟು ಜಿಬಿ ಎಂಬ ಮಿತಿ ಇರುತ್ತದೆ. ಮಿತಿ ದಾಟಿದ ಮೇಲೆ ವೇಗ ತಾನಾಗಿಯೇ ಇಳಿಯುತ್ತದೆ. ತಿಂಗಳ ಕೊನೆಯ ವಾರದಲ್ಲಷ್ಟೇ ತೊಂದರೆ ಕಾಣುವುದಾದರೆ ಮೊದಲ ಸಂಶಯ ಇದರ ಮೇಲಿರಲಿ.

ಲಾಳಿ ಎರಡೂ ಕಡೆ ಓಡಬೇಕು

‘ನಾವು ಏನನ್ನೂ ಕಳಿಸುವುದಿಲ್ಲ, ನಮಗೇಕೆ ಏರಿಕೆಯ ಗೊಡವೆ?’ ಎನ್ನುವ ಪಾಲಕರೂ ಇದ್ದಾರೆ. ಅವರು ಕೈಮಗ್ಗವನ್ನು ನೋಡಬೇಕು. ಲಾಳಿ ಬಲಕ್ಕೆ ಹೋದದ್ದು ಎಡಕ್ಕೆ ಮರಳದಿದ್ದರೆ ಬಟ್ಟೆ ಒಂದು ಎಳೆಯೂ ಮುಂದುವರಿಯದು. ಇಂಟರ್‌ನೆಟ್ಟೂ ಹಾಗೆಯೇ. ನೀವು ಪಾಠದ ಫೈಲು ಇಳಿಸಿಕೊಳ್ಳುವಾಗ ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಕೆಲವು ಪೊಟ್ಟಣ ಬಂದ ಕೂಡಲೇ ನಿಮ್ಮ ಕಂಪ್ಯೂಟರು ‘ಮುಟ್ಟಿತು’ ಎಂದು ಚೀಟಿ ಕಳಿಸುತ್ತದೆ. ಆ ಚೀಟಿ ಹೋಗುವುದು ಏರಿಕೆಯ ದಾರಿಯಲ್ಲಿ. ಚೀಟಿ ತಲುಪದಿದ್ದರೆ ಆ ಕಡೆಯ ಯಂತ್ರ ಮುಂದಿನ ಪೊಟ್ಟಣ ಕಳಿಸಲು ತಡೆಯುತ್ತದೆ.

ಹಾಗಾಗಿ ಮನೆಯಲ್ಲಿ ಯಾರದೋ ಫೋನು ಗುಟ್ಟಾಗಿ ನೂರಾರು ಫೋಟೊ ಏರಿಸುತ್ತಿದ್ದರೆ ಇನ್ನೊಬ್ಬರ ಇಳಿಕೆಯೂ ತಡವರಿಸುತ್ತದೆ. ವಿಡಿಯೊ ತರಗತಿಯಲ್ಲಿ ಮೇಷ್ಟರ ದನಿ ತುಂಡು ತುಂಡಾಗುತ್ತದೆ. ‘ನೆಟ್ ಹೋಯಿತು’ ಎಂದು ಎಲ್ಲರೂ ಹೇಳುತ್ತಾರೆ. ನೆಟ್ ಹೋಗಿರುವುದಿಲ್ಲ, ಮರಳುವ ಲಾಳಿಗೆ ಜಾಗವಿರುವುದಿಲ್ಲ.

ಮೂರು ತುಂಡು ದಾರಿ

ನಿಮ್ಮ ಫೈಲು ಸಾಗುವ ದಾರಿಯನ್ನು ಮೂರು ತುಂಡು ಮಾಡಿ. ಮೊದಲನೆಯದು ಫೋನಿನಿಂದ ಮನೆಯ ವೈಫೈ ಡಬ್ಬಿಯವರೆಗೆ. ಎರಡನೆಯದು ಡಬ್ಬಿಯಿಂದ ಕಂಪನಿಯವರೆಗೆ. ಮೂರನೆಯದು ಕಂಪನಿಯಿಂದ ಆಚೆ, ಕಾಲೇಜಿನ ಅಥವಾ ಪೋರ್ಟಲ್‌ನ ಯಂತ್ರದವರೆಗೆ. ದೋಷ ಯಾವ ತುಂಡಿನಲ್ಲಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಪಾಲಿಸಬೇಕಾದ ನಿಯಮ ಒಂದೇ. ಪ್ರಯೋಗಶಾಲೆಯಲ್ಲಿ ಕಲಿತಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಡಬ್ಬಿ ಆರಿಸಿ, ಕೇಬಲ್ ಕಿತ್ತು, ಫೋನನ್ನೂ ಬದಲಿಸಿ ಎಲ್ಲವನ್ನೂ ಒಟ್ಟಿಗೇ ಮಾಡಿದರೆ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ನಾಳೆ ಮತ್ತೆ ಕೆಟ್ಟರೆ ಮತ್ತೆ ಮೊದಲಿಂದ.

ಅಳೆಯಲು ಟ್ರಾಯ್ ಸಂಸ್ಥೆಯ ಮೈಸ್ಪೀಡ್, ಊಕ್ಲಾದ ಸ್ಪೀಡ್‌ಟೆಸ್ಟ್‌ನಂಥ ಉಚಿತ ಆ್ಯಪ್‌ಗಳಿವೆ. ಅವು ಮೊದಲು ಇಳಿಕೆಯನ್ನು ಅಳೆದು ದೊಡ್ಡ ಅಂಕಿ ತೋರಿಸುತ್ತವೆ. ಅಷ್ಟಕ್ಕೇ ಹಿಗ್ಗಿ ಮುಚ್ಚಬೇಡಿ. ನಿಮಗೆ ಬೇಕಾದದ್ದು ಆಮೇಲೆ ಬರುವ ಏರಿಕೆಯ ಅಂಕಿ.

ಮೊದಲ ತುಂಡಿನಿಂದ ಶುರು ಮಾಡೋಣ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಡಬ್ಬಿಗೆ ಜೋಡಿಸಿ, ಉಳಿದ ಎಲ್ಲ ಫೋನುಗಳ ವೈಫೈ ಆರಿಸಿ, ಏರಿಕೆಯ ವೇಗ ಅಳೆಯಿರಿ. ಕೇಬಲ್ ಕಿಂಡಿ ಇಲ್ಲದ ಲ್ಯಾಪ್‌ಟಾಪಾದರೆ ಡಬ್ಬಿಯಿಂದ ಒಂದು ಮಾರು ದೂರದಲ್ಲಿ ಕೂತು ಅಳೆದರೂ ನಡೆದೀತು. ಆಮೇಲೆ ಮಗ ಅಥವಾ ಮಗಳು ನಿತ್ಯ ಓದುವ ಕೋಣೆಗೆ ಹೋಗಿ ವೈಫೈನಲ್ಲಿ ಅಳೆಯಿರಿ. ಡಬ್ಬಿಯ ಬಳಿ 40, ಕೋಣೆಯಲ್ಲಿ 2 ಎಂದು ಬಂದಿತೆನ್ನಿ. ಕಂಪನಿಗೆ ಫೋನು ಮಾಡುವ ಅಗತ್ಯವೇ ಇಲ್ಲ, ಕಳ್ಳ ಮನೆಯೊಳಗೇ ಇದ್ದಾನೆ.

ನಮ್ಮ ಕಡೆ ಆ ಕಳ್ಳ ಹೆಚ್ಚಾಗಿ ಗೋಡೆ. ಬಾದಾಮಿಯ ಹಳೆಯ ಓಣಿಗಳಲ್ಲಿ ಕೆಂಪು ಮರಳುಗಲ್ಲಿನ ದಪ್ಪ ಗೋಡೆಯ ಮನೆಗಳುಂಟು. ಬೇಸಿಗೆಯಲ್ಲಿ ತಂಪು, ವೈಫೈಗೆ ಕಂಟಕ. ಹುನಗುಂದದ ಸುತ್ತಲಿನ ಹಳ್ಳಿಗಳ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆಗಳೂ ಹಾಗೆಯೇ. ಬಾಗಲಕೋಟೆಯ ನವನಗರದ ಆರ್‌ಸಿಸಿ ಮನೆಗಳಲ್ಲಿ ಗೋಡೆ ತೆಳುವಾದರೂ ಛಾವಣಿಯೊಳಗೆ ಕಬ್ಬಿಣದ ಬಲೆ ಇದೆ. ಕೆಳಗಿನ ಅಂತಸ್ತಿನ ಡಬ್ಬಿ ಮೇಲಿನ ಕೋಣೆಗೆ ಸರಿಯಾಗಿ ಮುಟ್ಟದು. ಜಾತ್ರೆಯ ಲೆಕ್ಕ ಇಲ್ಲಿ ನೆನೆಯಿರಿ. ಡಬ್ಬಿಯ ದನಿ ಗೋಡೆ ದಾಟಿ ಫೋನಿಗೆ ಕೇಳಬಹುದು, ಫೋನಿನ ಸಣ್ಣ ದನಿ ಮರಳಿ ಡಬ್ಬಿಗೆ ಕೇಳದು. ಆದ್ದರಿಂದಲೇ ಆ ಕೋಣೆಯಲ್ಲಿ ಸಿನಿಮಾ ಓಡುತ್ತದೆ, ಫೈಲು ಏರುವುದಿಲ್ಲ.

ಮದ್ದು ಸುಲಭ. ಡಬ್ಬಿಯನ್ನು ಟಿವಿಯ ಹಿಂದಿನಿಂದ, ಕಬ್ಬಿಣದ ಕಪಾಟಿನ ಮಗ್ಗುಲಿನಿಂದ ತೆಗೆದು ಮನೆಯ ನಡುವೆ, ಆಳೆತ್ತರದಲ್ಲಿಡಿ. ಡಬ್ಬಿ ಸಾಮಾನ್ಯವಾಗಿ ಎರಡು ಹೆಸರಿನ ವೈಫೈ ಬಿಡುತ್ತದೆ. 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್‌ನದು ನಿಧಾನದ್ದು, ಗೋಡೆಯನ್ನು ತುಸು ಚೆನ್ನಾಗಿ ದಾಟುತ್ತದೆ. ಪಕ್ಕದ ಕೋಣೆಗೆ ಎರಡನ್ನೂ ಪ್ರಯತ್ನಿಸಿ, ಯಾವುದು ಏರಿಕೆಗೆ ಒಳ್ಳೆಯದೋ ಅದನ್ನು ಇಟ್ಟುಕೊಳ್ಳಿ. ಕಲ್ಲುಗೋಡೆಯ ಮನೆಯಾದರೆ ಓದುವ ಕೋಣೆಯವರೆಗೆ ಒಂದು ಉದ್ದ ಲ್ಯಾನ್ ಕೇಬಲ್ ಎಳೆಸುವುದು ಎಲ್ಲಕ್ಕಿಂತ ಗಟ್ಟಿ ಉಪಾಯ. ದೊಡ್ಡ ಪ್ಲಾನಿಗೆ ತಿಂಗಳು ತಿಂಗಳೂ ತೆರುವುದಕ್ಕಿಂತ ಒಮ್ಮೆ ಕೊಳ್ಳುವ ಕೇಬಲ್ ಅಗ್ಗ.

ಮನೆಯೊಳಗೆ ಇನ್ನೊಬ್ಬ ಕಳ್ಳನೂ ಇರಬಹುದು, ಹಿನ್ನೆಲೆಯಲ್ಲಿ ಸದ್ದಿಲ್ಲದೆ ನಡೆಯುವ ಏರಿಕೆ. ಮದುವೆಗೆ ಹೋಗಿ ಬಂದ ದಿನ ಗೂಗಲ್ ಫೋಟೋಸ್ ಎಲ್ಲರ ಫೋನಿನಿಂದಲೂ ಚಿತ್ರ, ವಿಡಿಯೊಗಳನ್ನು ಏರಿಸುತ್ತಿರುತ್ತದೆ. ವಾಟ್ಸ್‌ಆ್ಯಪ್ ತನ್ನ ಪ್ರತಿಯನ್ನು ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಏರಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎದ್ದು ಕೂತವರಿಗೆ ಅದು ಅಡ್ಡಿ. ವಿಂಡೋಸ್‌ನಲ್ಲಿ ಅಪ್‌ಡೇಟುಗಳನ್ನು ಹೊರಗಿನ ಬೇರೆ ಕಂಪ್ಯೂಟರುಗಳಿಗೂ ಹಂಚುವ ಒಂದು ಆಯ್ಕೆ ಇದೆ, ಅದನ್ನು ಆರಿಸಿಡಬಹುದು. ಕೆಳಗೆ ಸೀರೆ ಅಂಗಡಿ, ಮೇಲೆ ಮನೆ ಇರುವ ಇಳಕಲ್ಲಿನ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಅಂಗಡಿಯ ಸಿಸಿಟಿವಿ ಕ್ಯಾಮೆರಾ ಹಗಲಿರುಳೂ ಕ್ಲೌಡಿಗೆ ಚಿತ್ರ ಕಳಿಸುವಂಥದಾದರೆ ಒಂದೊಂದೂ 1ರಿಂದ 2 ಎಂಬಿಪಿಎಸ್ ಏರಿಕೆ ನುಂಗಬಹುದು. ನಾಲ್ಕು ಕ್ಯಾಮೆರಾ, ಒಂದೇ ಸಂಪರ್ಕ. ಮಗಳ ವರದಿಗೆ ಉಳಿಯುವುದೇನು? ಕ್ಯಾಮೆರಾ ಅಂಗಡಿಯ ಡಬ್ಬಿಯಲ್ಲೇ ದಾಖಲಿಸಿಕೊಳ್ಳುವಂತೆ ಮಾಡಿ, ಬೇಕೆಂದಾಗ ಮಾತ್ರ ಹೊರಗಿನಿಂದ ನೋಡುವಂತಿದ್ದರೆ ಈ ಭಾರ ತಪ್ಪುತ್ತದೆ. ಕೆಲವು ಡಬ್ಬಿಗಳಲ್ಲಿ ಯಾವ ಯಂತ್ರಕ್ಕೆ ಎಷ್ಟು ಎಂದು ಮಿತಿ ಹಾಕುವ ಸೌಕರ್ಯವೂ ಇದೆ, ಲೈನ್‌ಮನ್‌ಗೆ ಕೇಳಿ ಮಾಡಿಸಿಕೊಳ್ಳಿ.

ಬೀದಿಯ ದೋಷ

ಕೇಬಲ್ ಹಚ್ಚಿ, ಉಳಿದೆಲ್ಲ ಆರಿಸಿ ಅಳೆದರೂ ಏರಿಕೆ ಸೊರಗಿದ್ದರೆ ದೋಷ ಎರಡನೆಯ ತುಂಡಿನಲ್ಲಿದೆ. ಆಗ ಗಡಿಯಾರ ನೋಡಿ. ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಹೀಗೆ ದಿನಕ್ಕೆ ಮೂರು ಸಲ ಒಂದು ವಾರ ಅಳೆದು ಬರೆಯಿರಿ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಕುಸಿದರೆ ನಿಮ್ಮ ಓಣಿಯ ಪಾಳಿಯಲ್ಲಿ ಕೊಡಗಳು ಹೆಚ್ಚಾಗಿವೆ ಎಂದರ್ಥ. ಅದನ್ನು ಕಂಪನಿಯೇ ಸರಿಪಡಿಸಬೇಕು. ಅಲ್ಲಿಯವರೆಗೆ ಭಾರದ ಫೈಲುಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಜಾಣತನ. ಮೂರೂ ಹೊತ್ತು ಒಂದೇ ಸಮನೆ ಕಡಿಮೆ ಇದ್ದರೆ ಪ್ಲಾನಿನ ಏರಿಕೆಯ ಮಿತಿಯೇ ಅಷ್ಟಿರಬೇಕು ಅಥವಾ ತಂತಿಯಲ್ಲಿ ದೋಷವಿರಬೇಕು.

ಫೈಬರ್ ಡಬ್ಬಿಯ ಮೇಲಿನ ದೀಪಗಳನ್ನು ಓದಲು ಮಕ್ಕಳಿಗೆ ಕಲಿಸಿ. ‘ಪಾನ್’ ಎಂಬ ಹಸಿರು ದೀಪ ಅಲುಗದೆ ಉರಿಯಬೇಕು. ‘ಲಾಸ್’ ಎಂಬ ಕೆಂಪು ದೀಪ ಮಿನುಗಿದರೆ ಬೆಳಕು ತಲುಪುತ್ತಿಲ್ಲ, ಎಳೆ ಎಲ್ಲೋ ತುಂಡಾಗಿದೆ ಅಥವಾ ತೀರಾ ಮಡಚಿದೆ. ಗೋಡೆಯಿಂದ ಡಬ್ಬಿಗೆ ಬರುವ ತೆಳು ಫೈಬರ್ ವೈರನ್ನು ಕಪಾಟಿನ ಹಿಂದೆ ಮುರಿದಂತೆ ಮಡಚಿಟ್ಟರೆ ಬೆಳಕು ಸೋರುತ್ತದೆ. ಅದನ್ನು ಬಳೆಯಂತೆ ದುಂಡಗೆ ಸುತ್ತಿಡಬೇಕು. ಅದರ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡುವ ಕೆಲಸ ಮಾತ್ರ ಬೇಡ, ಆ ಬೆಳಕು ಕಣ್ಣಿಗೆ ಕಾಣದು, ಆದರೂ ಅದು ಲೇಸರ್.

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವಂತೆ ಫೈಬರ್ ಎಳೆಗೂ ದಾರಿಯುದ್ದಕ್ಕೂ ಜೋಡಣೆಗಳಿವೆ. ರಸ್ತೆ ಅಗಲಿಸುವಾಗ, ಚರಂಡಿ ಅಗೆಯುವಾಗ ತುಂಡಾದ ಎಳೆಯನ್ನು ಅವಸರದಲ್ಲಿ ಜೋಡಿಸಿದರೆ ಬೆಳಕು ದುರ್ಬಲವಾಗುತ್ತದೆ. ಮನೆಗೆ ಬಂದ ಲೈನ್‌ಮನ್ ಬಳಿ ಬೆಳಕಿನ ಬಲ ಅಳೆಯುವ ಮೀಟರ್ ಇರುತ್ತದೆ. ಅದರ ಅಂಕಿ ಋಣ ಸಂಖ್ಯೆಯಲ್ಲಿ ಬರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 27ಕ್ಕೆ ಹತ್ತಿರವಾದಂತೆ ಸಂಪರ್ಕ ಅಂಚಿನಲ್ಲಿದೆ. ಆ ಅಂಕಿಯನ್ನು ಕೇಳಿ ಬರೆದುಕೊಳ್ಳಿ. ಕೇಳುವ ಹಕ್ಕು ನಿಮಗಿದೆ.

ಅಕ್ಕಪಕ್ಕದವರನ್ನೂ ವಿಚಾರಿಸಿ. ಅದೇ ಕಂಪನಿಯ ಸಂಪರ್ಕವಿರುವ ನಾಲ್ಕಾರು ಮನೆಗಳಲ್ಲಿ ಒಟ್ಟಿಗೇ ಏರಿಕೆ ಹಾಳಾಗಿದ್ದರೆ ಅದಕ್ಕೊಂದು ವಿಚಿತ್ರ ಕಾರಣವಿರಬಹುದು. ಯಾವುದೋ ಒಂದು ಮನೆಯ ಕೆಟ್ಟ ಡಬ್ಬಿ ತನ್ನ ಪಾಳಿ ಬಾರದಿದ್ದರೂ ಬೆಳಕು ಬಿಡುತ್ತ ಎಲ್ಲರ ಪಾಳಿಯನ್ನೂ ಕೆಡಿಸುತ್ತದೆ. ನಿಮ್ಮ ಡಬ್ಬಿ ಬದಲಿಸಿ ಪ್ರಯೋಜನವಿಲ್ಲ, ಆ ಮನೆಯದನ್ನು ಪತ್ತೆ ಮಾಡಬೇಕು. ಒಬ್ಬೊಬ್ಬರೇ ದೂರು ಕೊಡುವುದಕ್ಕಿಂತ ಓಣಿಯವರೆಲ್ಲ ಸೇರಿ ಹೇಳಿದರೆ ಕಂಪನಿಗೆ ಇದು ಬೇಗ ಹೊಳೆಯುತ್ತದೆ.

ಮೊಬೈಲ್ ಸಿಗ್ನಲ್ಲನ್ನೇ ನೆಚ್ಚಿದ ಹಳ್ಳಿಮನೆಗಳಿಗೆ ಬೇರೆ ಉಪಾಯ. ಏರಿಕೆಯ ಹೊತ್ತಿಗೆ ಫೋನನ್ನು ಗೋಪುರ ಇರುವ ದಿಕ್ಕಿನ ಕಿಟಕಿಗೋ ಮಾಳಿಗೆಗೋ ಒಯ್ಯಿರಿ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಮಾಡಿ, ಕೆಳಗೆ ನೆರಳಿನಲ್ಲಿ ಕೂತು ಲ್ಯಾಪ್‌ಟಾಪಿನಿಂದ ಕಳಿಸಬಹುದು. ಎರಡು ಕಂಪನಿಯ ಸಿಮ್ ಇದ್ದರೆ ಎರಡರ ಏರಿಕೆಯನ್ನೂ ಅಳೆದು ನೋಡಿ. ಇಳಿಕೆಯಲ್ಲಿ ಮೊದಲ ಸ್ಥಾನ ಪಡೆದದ್ದು ಏರಿಕೆಯಲ್ಲೂ ಮೊದಲಿರುತ್ತದೆ ಎಂದೇನಿಲ್ಲ.

ಆ ಕಡೆಯ ಬಾಗಿಲು

ಮನೆಯೂ ಸರಿ, ಬೀದಿಯೂ ಸರಿ, ಆದರೂ ಪೋರ್ಟಲ್ ಮಾತ್ರ ಫೈಲು ನುಂಗುತ್ತಿಲ್ಲ. ಆಗ ಎರಡು ಚಿಕ್ಕ ಪರೀಕ್ಷೆ ಮಾಡಿ. ಅದೇ ಫೈಲನ್ನು ನಿಮ್ಮದೇ ಇಮೇಲ್‌ಗೆ ಕಳಿಸಿ ನೋಡಿ. ಅದು ಚಕ್ಕನೆ ಹೋದರೆ ನಿಮ್ಮ ಸಂಪರ್ಕ ಚೆನ್ನಾಗಿದೆ, ಪೋರ್ಟಲ್‌ನ ಬಾಗಿಲಲ್ಲಿ ನೂಕುನುಗ್ಗಲಿದೆ. ಆಮೇಲೆ ಅದೇ ಪೋರ್ಟಲ್‌ಗೆ ಫೋನಿನ ಸಿಮ್ ಸಂಪರ್ಕದಿಂದ ಪ್ರಯತ್ನಿಸಿ. ಅಲ್ಲೂ ಹೋಗದಿದ್ದರೆ ಸಂಶಯವೇ ಬೇಡ. ಕೊನೆಯ ದಿನದ ರಾತ್ರಿ ಇಡೀ ರಾಜ್ಯದ ವಿದ್ಯಾರ್ಥಿಗಳು ಒಂದೇ ಬಾಗಿಲಿಗೆ ಬಂದಿರುತ್ತಾರೆ. ಆಗ ಡಬ್ಬಿಯನ್ನು ಹತ್ತು ಸಲ ಆರಿಸಿ ಹಚ್ಚಿ ಫಲವಿಲ್ಲ. ಬೆಳಗಿನ 5ರ ಗಂಟೆ ಒಳ್ಳೆಯದು. ಕೊನೆಯ ದಿನಕ್ಕೆ ಮೂರು ದಿನ ಮೊದಲಿನ ಬೆಳಗಿನ 5 ಇನ್ನೂ ಒಳ್ಳೆಯದು.

ಫೈಲನ್ನು ಸಣ್ಣದು ಮಾಡುವುದನ್ನೂ ಕಲಿಯಬೇಕು. ಪುಟಗಳ ಫೋಟೊ ತೆಗೆಯುವ ಬದಲು ಫೋನಿನ ಸ್ಕ್ಯಾನ್ ಸೌಲಭ್ಯದಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದು ಪಿಡಿಎಫ್ ಮಾಡಿದರೆ 60 ಮೆಗಾಬೈಟ್‌ನ ವರದಿ ನಾಲ್ಕೈದಕ್ಕೆ ಇಳಿಯಬಹುದು. ಅಕ್ಷರ ಓದಲು ಇಂಚಿಗೆ 150ರಿಂದ 200 ಚುಕ್ಕಿ ಸಾಕು. ಫೋಟೊಗಳನ್ನು ಜಿಪ್ ಮಾಡಿದರೆ ಗಾತ್ರ ಇಳಿಯುತ್ತದೆ ಎಂಬ ನಂಬಿಕೆ ಹಲವರಿಗಿದೆ. ಇಳಿಯುವುದಿಲ್ಲ. ಫೋಟೊ ಮೊದಲೇ ಹಿಂಡಿದ ಕಬ್ಬು, ಮತ್ತೆ ಗಾಣಕ್ಕೆ ಕೊಟ್ಟರೆ ರಸ ಬಾರದು.

ದೂರು ಹೇಳುವ ರೀತಿ

‘ನೆಟ್ ಸ್ಲೋ ಐತ್ರಿ’ ಎಂಬ ದೂರಿಗೆ ‘ಡಬ್ಬಿ ಆರಿಸಿ ಹಚ್ಚಿ’ ಎಂಬ ಉತ್ತರ ಸಿದ್ಧವಿರುತ್ತದೆ. ಆದರೆ ನೋಟ್‌ಬುಕ್ ಮುಂದಿಟ್ಟುಕೊಂಡು, ‘ಲ್ಯಾನ್ ಕೇಬಲ್‌ನಲ್ಲಿ ಅಳೆದಿದ್ದೇವೆ. ಬೇರೆ ಯಾವ ಯಂತ್ರವೂ ಚಾಲೂ ಇರಲಿಲ್ಲ. ಏಳು ದಿನ ರಾತ್ರಿ 9ಕ್ಕೆ ಏರಿಕೆ 1ಕ್ಕಿಂತ ಕಡಿಮೆ, ಬೆಳಿಗ್ಗೆ 6ಕ್ಕೆ 38. ಪ್ಲಾನಿನಲ್ಲಿ ಹೇಳಿದ್ದು 40’ ಎಂದು ಹೇಳಿ ನೋಡಿ. ಇದಕ್ಕೆ ಸಿದ್ಧ ಉತ್ತರ ಇರುವುದಿಲ್ಲ. ದೂರು ಕೊಟ್ಟಾಗ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆಯಿರಿ. 2012ರ ಟ್ರಾಯ್ ನಿಯಮಗಳ ಪ್ರಕಾರ ದೂರಿಗೆ ಎರಡು ಮೆಟ್ಟಿಲು. ಮೊದಲನೆಯದು ಕಂಪನಿಯ ದೂರು ಕೇಂದ್ರ. ಅಲ್ಲಿ ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕವಿಲ್ಲ, ಡಾಕೆಟ್ ಸಂಖ್ಯೆ ಮಾತ್ರ ಬೇಕು. ಅದಕ್ಕೇ ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರ್ ಮೇಲಾದರೂ ಬರೆದಿಡಿ.

ಹೊಸದಾಗಿ ಸಂಪರ್ಕ ಹಾಕಿಸುವ ಪಾಲಕರು ಒಂದು ಪ್ರಶ್ನೆಯನ್ನು ಮರೆಯಬಾರದು. ‘100 ಎಂಬಿಪಿಎಸ್’ ಎಂದು ಏಜೆಂಟರು ಹೇಳಿದ ಕೂಡಲೇ, ‘ಅದು ಬರುವುದಕ್ಕೆ. ಹೋಗುವುದಕ್ಕೆ ಎಷ್ಟು?’ ಎಂದು ಕೇಳಬೇಕು. ಎರಡಕ್ಕೂ ಸಮ ವೇಗ ಕೊಡುವ ಫೈಬರ್ ಪ್ಲಾನುಗಳು ಈಗ ಅಪರೂಪವೇನಲ್ಲ. ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಒಬ್ಬ ವಿದ್ಯಾರ್ಥಿ ಇರುವ ಮನೆಗೆ ಗುಂಡು ಅಂಕಿ ದೊಡ್ಡದಿರುವ ಪ್ಲಾನಿಗಿಂತ, ಏರಿಕೆಗೆ 10 ಎಂಬಿಪಿಎಸ್ ತಪ್ಪದೆ ಕೊಡುವ ಪ್ಲಾನು ಹೆಚ್ಚು ಉಪಯೋಗದ್ದು. ಸಾಮಾನ್ಯ ವಿಡಿಯೊ ತರಗತಿಯಲ್ಲಿ ಮುಖ ತೋರಿಸಲು ಸುಮಾರು 1 ಎಂಬಿಪಿಎಸ್ ಏರಿಕೆ ಸಾಕಾಗುತ್ತದೆ. ಉಳಿದದ್ದು ಫೈಲಿಗೆ, ಅಂಗಡಿಗೆ, ಅಪ್ಪನ ಫೋನಿಗೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಈ ಭಾನುವಾರ ಬೆಳಿಗ್ಗೆ ಹಳೆಯ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ದಿನಾಂಕ ಮತ್ತು ಹೊತ್ತು, ಜಾಗ, ಇಳಿಕೆ, ಏರಿಕೆ. ಮೊದಲ ಸಾಲು ಡಬ್ಬಿಯ ಬಳಿ, ಎರಡನೆಯದು ನಿಮ್ಮ ಓದುವ ಮೇಜಿನ ಬಳಿ. ಎರಡೇ ಸಾಲು ಬರೆಯುವಷ್ಟರಲ್ಲಿ ಕಳ್ಳ ಮನೆಯೊಳಗಿದ್ದಾನೋ ಬೀದಿಯಲ್ಲಿದ್ದಾನೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಅರ್ಜಿಯ ಕೊನೆಯ ದಿನ ಬರುವ ಮೊದಲೇ ಅದು ಗೊತ್ತಿದ್ದರೆ ಆ ರಾತ್ರಿ ಮನೆಯಲ್ಲಿ ಯಾರೂ ಯಾರನ್ನೂ ಬೈಯಬೇಕಾಗುವುದಿಲ್ಲ.